ಹೌದಾದರೆ ವೈ, ಬೇಡವಾದರೆ ಎನ್

ಕೇಳಿ ಮಾಡುವವರು ಸಭ್ಯರು, ಕೇಳದೆ ಮಾಡುವವರು ಉದ್ಧಟರು ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವರು ನಮ್ಮ ಅಮ್ಮಿ. ಪಕ್ಕದ ಮನೆಯ ಕರಿಬೇವು ಕೀಳುವುದಕ್ಕೂ ಕೇಳಬೇಕು, ಕಾಕಾನ ಸೈಕಲ್ಲು ಮುಟ್ಟುವುದಕ್ಕೂ ಕೇಳಬೇಕು, ಊಟಕ್ಕೆ ಕೂತಾಗ ಎರಡನೆಯ ಸಲ ಸಾರು ಹಾಕಿಸಿಕೊಳ್ಳುವುದಕ್ಕೂ ಕೇಳಬೇಕು. ಈ ಪಾಠವನ್ನು ನಾನು ಎಷ್ಟು ಗಟ್ಟಿಯಾಗಿ ಕಲಿತೆನೆಂದರೆ, ಮುಂದೆ ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಮು ಕೂಡ ಅದನ್ನೇ ಕಲಿತುಬಿಟ್ಟಿತು. ಮಕ್ಕಳು ತಾಯಿಯನ್ನು ಹೋಲುವುದು ಸಹಜ ಎನ್ನುತ್ತಾರೆ. ನನ್ನ ಸ್ವಂತ ಮಗಳು ಯಾರನ್ನೂ ಏನನ್ನೂ ಕೇಳುವವಳಲ್ಲ. ಹೋಲಿದ್ದು ಈ ಪ್ರೋಗ್ರಾಮು ಒಂದೇ.

ನಾನು ಕೊಪ್ಪಳದ ಒಂದು ರಕ್ತ ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಜನ ಅದನ್ನು ಲ್ಯಾಬು ಎನ್ನುತ್ತಾರೆ. ಮುಖ್ಯ ಲ್ಯಾಬು ಕೊಪ್ಪಳದಲ್ಲಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಶಾಖೆಗಳು. ಮಾಲೀಕರು ವಯಸ್ಸಾದ ಡಾಕ್ಟರು. ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತೇವೆ. ನನ್ನ ಬಾಗಿಲ ಮೇಲೆ 'ಕಂಪ್ಯೂಟರ್ ವಿಭಾಗ' ಎಂದು ಬರೆಸಿದ್ದಾರೆ. ವಿಭಾಗವೆಂದರೆ ನಾನು, ಒಂದು ಟೇಬಲ್ಲು, ಮತ್ತು ತಿರುಗುವಾಗ ಯಾರೋ ಗೊಣಗಿದಂತೆ ಸದ್ದು ಮಾಡುವ ಒಂದು ಫ್ಯಾನು. ನಾಲ್ಕೂ ಊರಿನ ಕಂಪ್ಯೂಟರುಗಳು ರಿಪೋರ್ಟು ಕೊಟ್ಟರೆ ಅದು ಸಾಹೇಬರ ಕೀರ್ತಿ. ಕೊಡದಿದ್ದರೆ 'ಫರ್ಜಾನಾ ಮೇಡಂ ಎಲ್ಲದಾರ?'

ಲ್ಯಾಬಿನ ಸಾಫ್ಟ್‌ವೇರಿಗೆ ಆಗಾಗ ಹೊಸ ಆವೃತ್ತಿ ಬರುತ್ತದೆ. ಅದನ್ನು ಶಾಖೆಗಳಲ್ಲಿ ಹಾಕಿಕೊಳ್ಳುವುದಕ್ಕೆಂದು ನಾನೊಂದು ಚಿಕ್ಕ ಪ್ರೋಗ್ರಾಮು ಬರೆದಿದ್ದೆ. ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತುವುದಕ್ಕೆ ಗುಂಡಿಯಿಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ. ಒಂದು ಆಜ್ಞೆ ಟೈಪು ಮಾಡಿ ಎಂಟರ್ ಒತ್ತಿದರೆ ಕೆಲಸ ಶುರುವಾಗುತ್ತದೆ. ಶುರುವಾಗುತ್ತದೆ ಎಂದರೆ, ಶುರುಮಾಡಲೇ ಎಂದು ಕೇಳುತ್ತದೆ. ಹೌದು ಎಂದರೆ ವೈ ಅಕ್ಷರ ಒತ್ತಬೇಕು, ಬೇಡವೆಂದರೆ ಎನ್. ವೈ ಒತ್ತಿದರೆ ಹಳೆಯ ಫೈಲಿನ ಪ್ರತಿ ತೆಗೆದಿಡಲೇ ಎಂದು ಕೇಳುತ್ತದೆ. ಆಮೇಲೆ, ಹೊಸದನ್ನು ಇಳಿಸಿಕೊಳ್ಳಲೇ? ಹಳೆಯದರ ಮೇಲೆ ಬರೆಯಲೇ? ಈ ಶಾಖೆಯ ಅಳತೆಗಳನ್ನು ಹಾಗೆಯೇ ಉಳಿಸಲೇ? ಪ್ರಿಂಟರ್ ಜೋಡಿಸಿದ್ದೀರಾ? ಮರು ಆರಂಭಿಸಲೇ? ಎಲ್ಲಕ್ಕೂ ಹೌದೆಂದ ಮೇಲೆ ಕೊನೆಯಲ್ಲಿ ಒಮ್ಮೆ: ಖಚಿತವೇ? ಇದನ್ನು ಬರೆಯುವಾಗ ನನಗೆ ಬಹಳ ಹೆಮ್ಮೆಯಿತ್ತು. ಯಾರ ಕಂಪ್ಯೂಟರಿನಲ್ಲೂ ಅವರ ಒಪ್ಪಿಗೆ ಇಲ್ಲದೆ ಒಂದು ಅಕ್ಷರವೂ ಕದಲುವುದಿಲ್ಲ ಎಂದು ಅಂದುಕೊಂಡಿದ್ದೆ. ಒಪ್ಪಿಗೆ ಕೊಡುವವರ ಪಾಡೇನು ಎಂದು ನನಗೆ ಹೊಳೆಯಲೇ ಇಲ್ಲ.

ಮೊದಲು ಈ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಆಗ ತೊಂದರೆಯೇ ಇರಲಿಲ್ಲ. ಯಾರೂ ಓದುತ್ತಿರಲಿಲ್ಲ, ಕಣ್ಣು ಮುಚ್ಚಿ ವೈ, ವೈ, ವೈ ಎಂದು ಒತ್ತಿ ಚಹಾ ಕುಡಿಯಲು ಹೋಗುತ್ತಿದ್ದರು. ಕನ್ನಡದ ಮೇಲಿನ ಅಭಿಮಾನದಿಂದ ನಾನು ಅವನ್ನು ಕನ್ನಡಕ್ಕೆ ತಂದೆ. ಕನ್ನಡದಲ್ಲಿ ಬಂದ ಕೂಡಲೇ ಎಲ್ಲರೂ ಓದತೊಡಗಿದರು. ಓದಿದ ಕೂಡಲೇ ಅವರಿಗೆ ಹೆದರಿಕೆ ಶುರುವಾಯಿತು. ಹೆದರಿದವರು ಫೋನು ಮಾಡುತ್ತಿದ್ದದ್ದು ನನಗೆ.

ಎಲ್ಲರಿಗಿಂತ ಹೆಚ್ಚು ಹೆದರಿದವಳು ಯಲಬುರ್ಗಾ ಶಾಖೆಯ ಶರಣಮ್ಮ. ರಕ್ತ ತೆಗೆಯುವುದರಲ್ಲಿ ಆಕೆಯ ಕೈ ಹೂವಿನಂಥದ್ದು. ಅಳುವ ಕೂಸಿಗೂ ಸೂಜಿ ಹೊಕ್ಕು ಬಂದದ್ದು ತಿಳಿಯುವುದಿಲ್ಲ. ಅದೇ ಕೈ ಕೀಬೋರ್ಡಿನ ಮೇಲೆ ಬಂದರೆ ನಡುಗುತ್ತದೆ. "ಅಕ್ಕಾರ, ಹಳೇದರ ಮ್ಯಾಲ ಬರೀಲ್ಯಾ ಅಂತ ಕೇಳಾಕತ್ತೈತ್ರಿ. ಬರಿ ಅನ್ಲ್ಯಾ?" ಎಂದು ಫೋನು ಮಾಡುತ್ತಿದ್ದಳು. ಅನ್ನು ತಾಯಿ ಎಂದರೆ, "ಬರದ ಮ್ಯಾಲ ಹಳೇದು ಸಿಗತೈತಲ್ರಿ?" ಸಿಗುತ್ತದೆ ಎಂದರೆ, ಎರಡು ನಿಮಿಷ ಬಿಟ್ಟು ಮತ್ತೆ ಫೋನು. "ಈಗ ಖಚಿತವೇ ಅಂತೈತ್ರಿ. ನಾ ಹೆಂಗ ಹೇಳ್ಲಿ ಅಕ್ಕಾರ? ನನಗ ಕೊಡೋ ಪಗಾರಕ್ಕ ಅಷ್ಟು ಖಚಿತ ಬರಂಗಿಲ್ಲ."

ಒಮ್ಮೆ ರಾಯಚೂರಿನಿಂದ ನಮ್ಮ ನಾದಿನಿಯ ಮನೆಯವರು ಬಂದಿದ್ದರೆಂದು ಎಲ್ಲರೂ ಸಾಣಾಪುರದ ಕೆರೆಗೆ ಹೋಗಿದ್ದೆವು. ಬಹಳ ದಿನಗಳ ಮೇಲೆ ಸಿಕ್ಕ ರಜೆ. ಹರಿಗೋಲಿನಲ್ಲಿ ಕೂತು ಕೆರೆಯ ನಡುವೆ ಬಂದಿದ್ದೇವೆ, ನಾನು ಕಾಲು ಚಾಚಿ ಬಂಡೆಗಳನ್ನು ನೋಡುತ್ತಿದ್ದೇನೆ, ಫೋನು ಬಡಿದುಕೊಂಡಿತು. ಶರಣಮ್ಮ. "ಅಕ್ಕಾರ, ಇವತ್ತ ಹೊಸಾ ಪ್ರಶ್ನೆ ಕೇಳೈತ್ರಿ." ಯಾವುದು ಎಂದು ಕೇಳುವಷ್ಟರಲ್ಲಿ ಹರಿಗೋಲಿನವನು ನಮ್ಮ ಮಕ್ಕಳನ್ನು ಖುಷಿಪಡಿಸಲು ಅದನ್ನು ಗಿರಗಿರನೆ ತಿರುಗಿಸತೊಡಗಿದ. ನನಗೆ ಆಕಾಶ ಕೆಳಗೆ, ಕೆರೆ ಮೇಲೆ. ಅತ್ತ ಶರಣಮ್ಮ "ವೈ ಒತ್ಲ್ಯೋ ಎನ್ ಒತ್ಲ್ಯೋ?" ಎಂದು ಕೇಳುತ್ತಲೇ ಇದ್ದಾಳೆ. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಹರಿಗೋಲಿನವನಿಗೆ ಕನಿಕರ ಬಂತೇನೋ, "ಒತ್ತು ಅನ್ರಿ ಅಕ್ಕಾರ, ಅಲ್ಲಿ ಏನ್ ಮುಳುಗತೈತಿ?" ಎಂದ. ತಲೆ ಸುತ್ತಿನಲ್ಲಿ ನಾನು ಎನ್ ಎಂದುಬಿಟ್ಟೆ. ಯಲಬುರ್ಗಾದಲ್ಲಿ ಅಷ್ಟೂ ಕೆಲಸ ರದ್ದಾಗಿ, ಮತ್ತೆ ಮೊದಲಿನಿಂದ ಶುರುವಾಯಿತು. ಅಂದು ದಂಡೆಗೆ ಬಂದು ಇಳಿಯುವವರೆಗೂ ನಾನು ಹೌದು, ಹೌದು ಎನ್ನುತ್ತಲೇ ಇದ್ದೆ.

ಆದರೂ ಈ ಪ್ರಶ್ನೆಗಳಿಗೆ ಕಡಿವಾಣ ಬಿದ್ದದ್ದು ಗಂಗಾವತಿಯ ಇಡ್ಲಿಯಿಂದ. ಒಂದು ಬೆಳಿಗ್ಗೆ ಅಲ್ಲಿಯ ಶಾಖೆಯವರು ಹೊಸ ಆವೃತ್ತಿ ಹಾಕಲು ಆಜ್ಞೆ ಕೊಟ್ಟು, ಇನ್ನು ಅದರ ಪಾಡಿಗೆ ಅದು ಮಾಡಿಕೊಳ್ಳಲಿ ಎಂದು ಎದುರಿನ ಹೋಟೆಲಿಗೆ ನಾಷ್ಟಾ ಮಾಡಲು ಹೋದರು. ಅದು ತನ್ನ ಪಾಡಿಗೆ ತಾನು ಮಾಡಿಕೊಳ್ಳುವ ಜಾತಿಯದಲ್ಲವಲ್ಲ. 'ಪ್ರಿಂಟರ್ ಜೋಡಿಸಿದ್ದೀರಾ?' ಎಂದು ಕೇಳಿ ಸುಮ್ಮನೆ ನಿಂತಿತು. ಅದು ಉತ್ತರ ಪಡೆಯದೆ ಕಂಪ್ಯೂಟರು ಏಳುವಂತಿಲ್ಲ, ಕಂಪ್ಯೂಟರು ಏಳದೆ ಹೆಸರು ಬರೆಸುವಂತಿಲ್ಲ, ಹೆಸರು ಬರೆಸದೆ ರಕ್ತ ತೆಗೆಯುವಂತಿಲ್ಲ. ಬೆಂಚಿನ ತುಂಬ ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಂದವರು. ಎದುರು ಹೋಟೆಲಿನಿಂದ ಬಿಸಿ ಸಾಂಬಾರಿನ ವಾಸನೆ. ಕೊನೆಗೊಬ್ಬ ಹಿರಿಯರು ಎದ್ದು ನಿಂತು, "ಯಾರರ ಒಬ್ರು ಆ ಡಬ್ಬಿಗೆ ಹೌದು ಅನ್ರಪಾ! ಇಲ್ಲಾ ನನಗ ಇಡ್ಲಿ ತಿನ್ನಾಕ ಬಿಡ್ರಿ!" ಎಂದು ಕೂಗಿದರಂತೆ. ಕೂಗಿದವರು ಸಾಹೇಬರ ಬೀಗರ ಕಡೆಯವರು. ಮಧ್ಯಾಹ್ನದೊಳಗೆ ನನ್ನನ್ನು ಕರೆಸಿದರು.

"ಎಷ್ಟ ಕೇಳತೈತಿ ಮೇಡಂ ಅದು? ನನ್ನ ಮದುವ್ಯಾಗ ನನ್ನನ್ನ ಇಷ್ಟು ಕೇಳಿದ್ದಿಲ್ಲ," ಎಂದರು ಸಾಹೇಬರು. "ಕಡಿಮಿ ಮಾಡ್ರಿ."

ಕಡಿಮೆ ಮಾಡಲು ಕೂತೆ. ಹೊರಗಿನವರಿಗೆ ಇದು ಸುಲಭದ ಕೆಲಸ ಅನ್ನಿಸಬಹುದು, ಸಾಲು ಅಳಿಸಿದರಾಯಿತು. ಆದರೆ ಆ ಒಂದೊಂದು ಪ್ರಶ್ನೆಯ ಹಿಂದೆಯೂ ನಾನು ಎಂದೋ ತಿಂದ ಒಂದೊಂದು ಬೈಗುಳವಿತ್ತು. ಪ್ರತಿ ತೆಗೆದಿಡಲೇ ಎಂಬ ಪ್ರಶ್ನೆ ಹುಟ್ಟಿದ್ದು ಕುಷ್ಟಗಿಯ ಹಳೆಯ ರಿಪೋರ್ಟುಗಳು ಹಾರಿಹೋದ ದಿನ. ಮರು ಆರಂಭಿಸಲೇ ಎಂಬುದು, ಯಾರೋ ಅರ್ಧ ಟೈಪು ಮಾಡಿದ ರಿಪೋರ್ಟು ಮಾಯವಾದ ದಿನ. ಗಾಯ ಮಾಯ್ದರೂ ಕಲೆ ಉಳಿಯುತ್ತದಲ್ಲ, ಹಾಗೆ ಆ ಪರದೆಯ ತುಂಬ ನನ್ನ ಕಲೆಗಳೇ ಇದ್ದವು. ಈಗ ಅವನ್ನು ಕೂತು ಕೆರೆಯಬೇಕಾಯಿತು.

ನಮ್ಮ ಮನೆಯವರಿಗೆ ಗಾದಿ ಹೊಲಿಯುವ ಅಂಗಡಿಯಿದೆ. ಹತ್ತಿ ಹಿಂಜುವುದು ಅವರ ಮನೆತನದ ಕಸುಬು. ನನ್ನ ಒದ್ದಾಟ ನೋಡಲಾರದೆ ಒಂದು ದಿನ ಊಟಕ್ಕೆ ಕೂತಾಗ ಉಪದೇಶ ಮಾಡಿದರು. "ಇದಕ್ಯಾಕ ಇಷ್ಟು ತಲಿ ಕೆಡಿಸ್ಕೊಂತಿ? ಗಿರಾಕಿ ಬಂದ ಕೂಡ್ಲೇ ನಾ ಒಂದ ಮಾತು ಕೇಳ್ತೀನಿ, ಮೆತ್ತಗ ಬೇಕೋ ಬಿರುಸು ಬೇಕೋ ಅಂತ. ಆಮ್ಯಾಲ ಗಾದಿ ಮುಗಿಯೋತನ ಬಾಯಿ ತೆಗ್ಯಂಗಿಲ್ಲ." ಮಾತು ಚೆನ್ನಾಗಿತ್ತು. ಆದರೆ ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಗಿರಾಕಿ ಏನೇ ಹೇಳಲಿ, ಇವರು ಹೊಲಿಯುವುದು ಬಿರುಸು ಗಾದಿಯನ್ನೇ. ಕೇಳುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಮಲಗಿ ಎದ್ದವರೆಲ್ಲ ಸಾಕ್ಷಿ.

ಅಂತೂ ದಾರಿ ಸಿಕ್ಕಿತು. ಎಲ್ಲರೂ ಯಾವಾಗಲೂ ಹೌದು ಎನ್ನುವ ಪ್ರಶ್ನೆ ಪ್ರಶ್ನೆಯೇ ಅಲ್ಲ, ಅಂಥವನ್ನು ತೆಗೆದೆ. ಪ್ರಿಂಟರ್ ಇದೆಯೋ ಇಲ್ಲವೋ ಎಂಬುದನ್ನು ಮನುಷ್ಯರನ್ನು ಕೇಳುವ ಬದಲು ಕಂಪ್ಯೂಟರೇ ನೋಡಿಕೊಳ್ಳುವಂತೆ ಮಾಡಿದೆ. ಹಳೆಯದರ ಪ್ರತಿಯನ್ನು ಕೇಳದೆ ತೆಗೆದಿಡುವಂತೆ ಮಾಡಿದೆ. ಖಚಿತವೇ ಎಂಬುದನ್ನು ಅಳಿಸುವಾಗ ಮಾತ್ರ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಆಮೇಲೆ ಅಳಿಸಿದೆ. ಕೊನೆಗೆ ಉಳಿದದ್ದು ಒಂದೇ ಒಂದು: 'ಈ ಶಾಖೆಯ ಅಳತೆಗಳನ್ನು ಹಾಗೆಯೇ ಉಳಿಸಲೇ?'

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಿಪೋರ್ಟಿನಲ್ಲಿ ನಿಮ್ಮ ರಕ್ತದ ಸಂಖ್ಯೆಯ ಪಕ್ಕದಲ್ಲಿ, ಇಷ್ಟರಿಂದ ಇಷ್ಟರವರೆಗೆ ಇದ್ದರೆ ಸರಿ ಎಂದು ಬರೆದಿರುತ್ತದೆ. ಸಂಖ್ಯೆ ಆ ಗೆರೆ ದಾಟಿದರೆ ಕಂಪ್ಯೂಟರು ಅದರ ಮುಂದೆ ಒಂದು ಚುಕ್ಕಿ ಇಡುತ್ತದೆ. ಆ ಗೆರೆ ಎಲ್ಲ ಯಂತ್ರಕ್ಕೂ ಒಂದೇ ಅಲ್ಲ. ಕೊಪ್ಪಳ, ಗಂಗಾವತಿಗಳಲ್ಲಿ ಇರುವುದು ಒಂದು ಬಗೆಯ ಯಂತ್ರ. ಕುಷ್ಟಗಿ, ಯಲಬುರ್ಗಾಗಳಲ್ಲಿ ಇರುವುದು ಹಳೆಯದು, ಬೇರೆ ಕಂಪನಿಯದು, ಬೇರೆ ಅಳತೆಯದು. ಇದರ ಸಂಖ್ಯೆಯನ್ನು ಅದರ ಗೆರೆಯಿಂದ ಓದಿದರೆ, ಗಜದಲ್ಲಿ ಅಳೆದ ಬಟ್ಟೆಯನ್ನು ಫೂಟಿನ ಲೆಕ್ಕದಲ್ಲಿ ಹೊಲಿದ ಹಾಗೆ ಆಗುತ್ತದೆ.

ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ನಾನು ಮೀಟಿಂಗಿಗೆ ಹೋದೆ. ಅಲ್ಲಿ ಸಾಹೇಬರ ಪಕ್ಕದಲ್ಲಿ ಅವರ ತಂಗಿಯ ಮಗ ಅಭಿಷೇಕ ಕೂತಿದ್ದ. ಬಳ್ಳಾರಿಯವನು, ಮ್ಯಾನೇಜ್‌ಮೆಂಟ್ ಓದಿದವನು. ಆ ವಾರವೇ ನಮ್ಮ ಮ್ಯಾನೇಜರ್ ಆಗಿ ಬಂದಿದ್ದ. ನಾನು ಇಷ್ಟು ಪ್ರಶ್ನೆ ತೆಗೆದಿದ್ದೇನೆ ಎಂದು ಹೇಳಿ ಮುಗಿಸುವ ಮೊದಲೇ, "ಉಳಿದದ್ದು ಯಾಕ ಉಳದೈತಿ ಮೇಡಂ?" ಎಂದ.

"ಯಲಬುರ್ಗಾದ ಮಷಿನ್ ಬ್ಯಾರೆ ಐತ್ರಿ ಸರ್. ಅದೊಂದು ಕೇಳ್ಲೇಬೇಕು," ಎಂದೆ.

"ಒಂದೂ ಇರಬಾರದ್ರಿ. ಸೊನ್ನಿ ಅಂದ್ರ ಸೊನ್ನಿ." ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ನಗುತ್ತ, "ನೀವು ಪ್ರಶ್ನಿ ಉಳಿಸ್ಕೊಳ್ಳಾಕತ್ತೀರೋ, ನಿಮ್ಮ ಕುರ್ಚಿ ಉಳಿಸ್ಕೊಳ್ಳಾಕತ್ತೀರೋ?" ಎಂದ.

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ನಾನೂ ನಕ್ಕೆ. ಅವಮಾನವಾದಾಗ ಎಲ್ಲರಿಗಿಂತ ಮೊದಲು ನಗುವ ಒಂದು ವಿದ್ಯೆಯನ್ನು ನಾನು ಈ ಕೆಲಸದಲ್ಲಿ ಸಂಪಾದಿಸಿದ್ದೇನೆ. ಕಂಪ್ಯೂಟರ್ ವಿದ್ಯೆಗಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಅದೇ. ಟೇಬಲ್ಲಿಗೆ ಬಂದು ಆ ಪ್ರಶ್ನೆಯನ್ನೂ ತೆಗೆದೆ. ಆದರೆ ತೆಗೆಯುವಾಗ ಉತ್ತರವನ್ನು ಒಳಗೇ ಬರೆದಿಟ್ಟೆ: ಉಳಿಸು. ಇನ್ನು ಮೇಲೆ ಅದು ಯಾರನ್ನೂ ಕೇಳುವುದಿಲ್ಲ, ಶಾಖೆಯ ಅಳತೆಗಳನ್ನು ಮುಟ್ಟುವುದೂ ಇಲ್ಲ. ಅವನ ಸೊನ್ನೆ ಅವನಿಗೆ, ನನ್ನ ನಿದ್ದೆ ನನಗೆ.

ಕೆಲವು ವಾರ ಸ್ವರ್ಗ. ಆಜ್ಞೆ ಕೊಟ್ಟರೆ ಕಪ್ಪು ಪರದೆ ತುಟಿ ಬಿಚ್ಚದೆ ಎಲ್ಲ ಮುಗಿಸಿ, 'ಆಯಿತು' ಎಂದು ಒಂದೇ ಮಾತು ಬರೆಯುತ್ತಿತ್ತು. ಕೊಪ್ಪಳದಲ್ಲಿ ಕೂತು ನಾಲ್ಕೂ ಊರಿಗೆ ಒಟ್ಟಿಗೆ ಆಜ್ಞೆ ಕೊಡಬಹುದಾಯಿತು. ನನ್ನ ಫೋನು ತಣ್ಣಗಾಯಿತು. ಶರಣಮ್ಮ ಮಾತ್ರ ಒಮ್ಮೆ ಸುಮ್ಮನೆ ಫೋನು ಮಾಡಿ, "ಅಕ್ಕಾರ, ಈಗ ಅದು ನನ್ನ ಏನೂ ಕೇಳವಲ್ದು. ಸಿಟ್ಟು ಬಂದೈತೇನ್ರಿ ಅದಕ್ಕ?" ಎಂದು ವಿಚಾರಿಸಿದಳು.

ಅಷ್ಟರಲ್ಲಿ ಅಭಿಷೇಕನಿಗೆ ರಿಪೋರ್ಟಿನ ತಲೆಬರಹ ಬದಲಾಯಿಸುವ ಹುಕಿ ಹುಟ್ಟಿತು. ಹೊಸ ಬಣ್ಣ, ಹೊಸ ಚಿಹ್ನೆ, ಒಂದು ರಕ್ತದ ಹನಿ ಮುಗುಳ್ನಗುವ ಚಿತ್ರ. ಕೊಪ್ಪಳದಲ್ಲಿ ಹನಿ ನಕ್ಕಿತು, ಶಾಖೆಗಳಲ್ಲಿ ನಗಲಿಲ್ಲ. ಯಾಕೆಂದರೆ ತಲೆಬರಹವೂ ಅಳತೆಗಳೂ ಇದ್ದದ್ದು ಒಂದೇ ಫೈಲಿನಲ್ಲಿ, ಮತ್ತು ಆ ಫೈಲನ್ನು ಉಳಿಸು ಎಂದು ನಾನು ಬರೆದಿಟ್ಟಿದ್ದೆ. ಎರಡನ್ನೂ ಬೇರೆ ಬೇರೆ ಮಾಡಿಕೊಡುತ್ತೇನೆ, ಸ್ವಲ್ಪ ದಿನ ಕೊಡಿ ಎಂದೆ. "ಆಯ್ತು ಮೇಡಂ," ಎಂದ. ನಾನು ಕುಷ್ಟಗಿಯ ಪ್ರಿಂಟರ್ ರಿಪೇರಿಗೆಂದು ಹೋದ ದಿನ ನನ್ನ ಟೇಬಲ್ಲಿಗೆ ಬಂದು, ಸಾಹೇಬರಿಂದ ಪಾಸ್‌ವರ್ಡು ಪಡೆದು, 'ಉಳಿಸು' ಎಂಬುದನ್ನು 'ಬದಲಿಸು' ಎಂದು ತಿದ್ದಿ, ನಾಲ್ಕೂ ಊರಿಗೆ ಆಜ್ಞೆ ಕೊಟ್ಟುಬಿಟ್ಟ. ಮೊದಲಿನ ಪ್ರೋಗ್ರಾಮು ಆಗಿದ್ದರೆ ಅವನನ್ನು ಅಲ್ಲೇ ಕಾಲರ್ ಹಿಡಿದು ನಿಲ್ಲಿಸಿ ಹತ್ತು ಮಾತು ಕೇಳುತ್ತಿತ್ತು. ಈಗ ಅದು ಸುಸಂಸ್ಕೃತವಾಗಿತ್ತಲ್ಲ. 'ಆಯಿತು' ಎಂದಿತು.

ಗಂಗಾವತಿಗೆ ಏನೂ ಆಗಲಿಲ್ಲ. ಅಲ್ಲಿಯದೂ ಕೊಪ್ಪಳದ್ದೇ ಯಂತ್ರ. ಕುಷ್ಟಗಿಯನ್ನು ಕರೆಂಟು ಕಾಪಾಡಿತು. ಅಂದು ಬೆಳಿಗ್ಗೆಯಿಂದ ಅಲ್ಲಿ ಕರೆಂಟಿಲ್ಲದೆ, ನಾನು ಬಿಚ್ಚಿದ ಪ್ರಿಂಟರಿನ ಮುಂದೆ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ ವಿದ್ಯುತ್ ಕಚೇರಿಯವರನ್ನು ಶಪಿಸುತ್ತ ಕೂತಿದ್ದೆ. ಆ ಶಾಪವನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಸಿಕ್ಕಿಬಿದ್ದದ್ದು ಯಲಬುರ್ಗಾ ಒಂದೇ.

ಮರುದಿನ ಬೆಳಿಗ್ಗೆ ಯಲಬುರ್ಗಾದ ಒಬ್ಬ ಡಾಕ್ಟರು ನನಗೇ ಫೋನು ಮಾಡಿದರು. "ಮೇಡಂ, ನಮ್ಮೂರ ನೀರಿನ್ಯಾಗ ಏನರ ಬೆರತೈತೇನು? ನಿನ್ನೆ ನಿಮ್ಮ ಲ್ಯಾಬಿಗೆ ಹೋಗಿ ಬಂದೋರಿಗೆಲ್ಲಾ ಥೈರಾಯ್ಡ್ ಬಂದೈತಿ. ನನ್ನ ಕಂಪೌಂಡರ್‌ಗೂ ಬಂದೈತಿ. ಅಂವ ಬರೇ ಚೀಟಿ ಕೊಡಾಕ ಹೋಗಿದ್ದ, ಸುಮ್ನ ರಕ್ತ ತಗಸಿಕೊಂಡು ಬಂದಾನ." ನನಗೆ ಒಮ್ಮೆಲೇ ಹೊಳೆಯಿತು, ಯಲಬುರ್ಗಾದ ಅಳತೆಗಳು ಬದಲಾಗಿವೆ. ಪುಣ್ಯಕ್ಕೆ, ಖಾತ್ರಿಯಾಗಲಿ ಎಂದು ಅವರು ಯಾರಿಗೂ ಗುಳಿಗೆ ಬರೆದುಕೊಟ್ಟಿರಲಿಲ್ಲ.

ಅಭಿಷೇಕನಿಗೆ ಹೇಳಿ ಯಲಬುರ್ಗಾಕ್ಕೆ ಓಡಿದೆ. ಮೊದಲು ಅಳತೆಗಳನ್ನು ಸರಿಪಡಿಸಿದೆ. ಶರಣಮ್ಮ ಗೋಡೆಗೆ ಒರಗಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ನನಗೂ ಅನುಮಾನ ಬಂತ್ರಿ ಅಕ್ಕಾರ. ಎಲ್ಲಾರಿಗೂ ಚುಕ್ಕಿ ಬರಾಕತ್ತಿತ್ತು. ಆದ್ರ ಅದು ಏನೂ ಕೇಳ್ಲಿಲ್ಲಲ್ರಿ. ಕೇಳವಲ್ದು ಅಂದ್ರ ಅದಕ್ಕ ಎಲ್ಲಾ ಗೊತ್ತೈತಿ ಅಂತ ಸುಮ್ನಾದೆ." ಆಕೆಯನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಅಲ್ಲೇ ಕರಗಿದವು.

ಹಿಂದಿನ ದಿನ ರಕ್ತ ಕೊಟ್ಟವರಿಗೆಲ್ಲ ಫೋನು ಮಾಡಿ ಕರೆಸಿದೆವು. ಬಂದರು, ಬೈದರು, ಹೊಸ ರಿಪೋರ್ಟು ಪಡೆದು ಹೋದರು. ಫೋನು ಹತ್ತದೆ ಉಳಿದವಳು ಮಂಗಳೂರಿನ ಹನುಮವ್ವ ಎಂಬಾಕೆ. ಶರಣಮ್ಮನನ್ನು ಕರೆದುಕೊಂಡು ಮಂಗಳೂರಿಗೆ ಹೋಗಿ ಬರುತ್ತೇನೆ ಎಂದು ಅಭಿಷೇಕನಿಗೆ ಫೋನಿನಲ್ಲಿ ಹೇಳಿದರೆ, "ಒಂದು ರಿಪೋರ್ಟ್ ಸಲುವಾಗಿ ಅಷ್ಟು ದೂರನಾ? ರಾತ್ರಿ ಬಸ್ ಐತೇನು?" ಎಂದ. ನಮ್ಮ ಮಂಗಳೂರಿಗೆ ಸಮುದ್ರವಿಲ್ಲ ಸರ್, ಟಂಟಂ ಆಟೋ ಹತ್ತಿದರೆ ಊಟದ ಹೊತ್ತಿಗೆ ವಾಪಸ್ಸು ಬರಬಹುದು ಎಂದು ತಿಳಿಸಿ ಹೇಳಬೇಕಾಯಿತು. ತನ್ನ ಶಾಖೆಯ ಹಳ್ಳಿ ಯಾವುದು ಎಂದು ಗೊತ್ತಿಲ್ಲದವನು ಸೊನ್ನೆ ಪ್ರಶ್ನೆಗಳ ಮ್ಯಾನೇಜರ್.

ಹನುಮವ್ವನ ಮನೆಯಲ್ಲಿ ಅವಳ ಅತ್ತೆ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಲ್ಯಾಬಿನವರು ಎಂದ ಕೂಡಲೇ ಬಾಯಿ ಮೇಲೆ ಬೆರಳಿಟ್ಟು, "ಮೆತ್ತಗ ಮಾತಾಡ್ರಿ. ಆಕಿಗೆ ಥೈರಾಡ ಬಂದೈತಿ, ಮಲಗ್ಯಾಳ," ಎಂದಳು. ಒಳಗೆ ಹೊರಸಿನ ಮೇಲೆ ಕೌದಿ ಹೊದ್ದು ಹನುಮವ್ವ ಮಲಗಿದ್ದಳು. ತಲೆಯ ಹತ್ತಿರ ಬ್ರೆಡ್ಡಿನ ಪೊಟ್ಟಣ, ಕುಡಿದಿಟ್ಟ ಎಳನೀರು. ಕೈ ತುಂಬ ಸೆಗಣಿ ಬಳಿದ, ಕೊಡ ಹೊತ್ತ ಗುರುತುಗಳಿದ್ದ ಗಟ್ಟಿ ಹೆಂಗಸು. ಮೈಕೈ ನೋವೆಂದು ಯಲಬುರ್ಗಾಕ್ಕೆ ಬಂದು ರಕ್ತ ಕೊಟ್ಟಿದ್ದಳು. ನಾನು ಹೊರಸಿನ ಅಂಚಿನಲ್ಲಿ ಕೂತು ಸಮಾಧಾನದಿಂದ ಹೇಳಿದೆ: ತಪ್ಪಾಗಿದೆ, ಕಂಪ್ಯೂಟರಿನ ತಪ್ಪು, ನಿನಗೆ ಏನೂ ಆಗಿಲ್ಲ. ಅವಳು ಎದ್ದು ಕೂತು ದೇವರಿಗೆ ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ.

"ಏನೂ ಆಗಿಲ್ಲೇನ್ರಿ?" ಎಂದಳು. ಅವಳ ಮುಖ ಬಿದ್ದುಹೋಯಿತು.

"ಇಲ್ಲಮ್ಮ, ಏನೂ ಇಲ್ಲ."

ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. "ನಿನ್ನೆ ಸಂಜಿಗೆ ನಮ್ಮತ್ತಿ ನನಗ ಚಾ ಮಾಡಿ ಕೊಟ್ಟಾಳ್ರಿ. ಈ ಮನಿಗೆ ನಡದ ಬಂದ ಮ್ಯಾಲ ಮೊದಲನೇ ಸಲ. ಸಕ್ರಿ ಹಾಕೋದು ಮರತಿದ್ಲು, ಆದ್ರೂ ಕುಡದೆ. ನಮ್ಮ ಮನಿಯವ್ರು ತಾವ ಎಮ್ಮಿ ಹಿಂಡ್ಯಾರ." ಸ್ವಲ್ಪ ತಡೆದು, ದಿಂಬಿನ ಕೆಳಗಿದ್ದ ರಿಪೋರ್ಟಿನ ಮೇಲೆ ಕೈಯಿಟ್ಟು, "ಇನ್ನೊಂದು ನಾಕ ದಿನ ಈ ಕಾಗದ ಇಲ್ಲೇ ಇರ್ಲಿ ಬಿಡ್ರಿ ಅಕ್ಕಾರ. ನಾ ಯಾವ ಗುಳಿಗೀನೂ ನುಂಗಂಗಿಲ್ಲ. ಸುಮ್ನ ಮಲಗಿರ್ತೀನಿ," ಎಂದಳು.

ತಪ್ಪು ರಿಪೋರ್ಟು ಮನೆಯಲ್ಲಿ ಬಿಡುವಂತಿರಲಿಲ್ಲ. ನಾಳೆ ಯಾರಾದರೂ ಅದನ್ನೇ ತೋರಿಸಿ ಗುಳಿಗೆ ತಂದರೆ? ಹಾಗೆಂದು ಅವಳಿಗೆ ತಿಳಿಸಿ ಕಾಗದವನ್ನು ತೆಗೆದುಕೊಂಡೆ. ಅವಳು ಕೈ ಬಿಟ್ಟಳು; ಬಿಡುವುದು ಅವಳಿಗೆ ಅಭ್ಯಾಸವಿತ್ತು. ಹೊರಗೆ ಬಂದು ಅತ್ತೆಗೆ ಹೇಳಿದೆ: "ಈ ಕಾಗದ ಸರಿ ಇಲ್ರಿ. ಇನ್ನೊಮ್ಮೆ ರಕ್ತ ತಗದು ನೋಡಬೇಕು. ಬರೋ ವಾರ ಬರ್ಲಿ. ಮೈಕೈ ನೋವು ಐತಿ, ಅಲ್ಲಿತನಾ ಭಾರ ಎತ್ತಿಸಬ್ಯಾಡ್ರಿ." ಹೇಳಿದ್ದರಲ್ಲಿ ದೊಡ್ಡ ಸುಳ್ಳೇನೂ ಇರಲಿಲ್ಲ. ಪಕ್ಕದಲ್ಲಿದ್ದ ಶರಣಮ್ಮ, ಒಂದು ಅಕ್ಷರ ಒತ್ತುವುದಕ್ಕೆ ನೂರು ಸಲ ಕೇಳುತ್ತಿದ್ದವಳು, ನನ್ನ ಕಡೆ ತಿರುಗಿಯೂ ನೋಡದೆ, "ದಿನಾ ಹಾಲು ಕುಡೀಬೇಕ್ರಿ. ಮಧ್ಯಾನ ಒಂದು ತಾಸು ಮಲಗಬೇಕು," ಎಂದು ಸೇರಿಸಿದಳು.

ಮುಂದಿನ ಮೀಟಿಂಗಿನಲ್ಲಿ ನನಗಾಗಿ ಕುರ್ಚಿಯನ್ನು ಟೇಬಲ್ಲಿನ ತುದಿಯಲ್ಲಿ ಹಾಕಿದ್ದರು. ಆದದ್ದನ್ನೆಲ್ಲ ಹೇಳಿದೆ, 'ಉಳಿಸು' ಎಂದು ನಾನು ಬರೆದದ್ದು, 'ಬದಲಿಸು' ಎಂದು ತಿದ್ದಿದ್ದು. ಅಭಿಷೇಕ ಅಲ್ಲಗಳೆಯಲಿಲ್ಲ. ಅಲ್ಲಗಳೆಯುವುದು ಸಣ್ಣವರ ಕೆಲಸ. "ನಾ ತಿದ್ದಿದ್ದು ಖರೇ. ಆದ್ರ ಅಷ್ಟು ದೊಡ್ಡ ಬದಲಾವಣಿ ಮಾಡೋ ಮುಂದ ಆ ಪ್ರೋಗ್ರಾಮ್ ಒಂದು ಮಾತು ಕೇಳಬೇಕಿತ್ತಲ್ಲ? ಒಂದ ಒಂದು ಮಾತು! ಯಾಕ ಕೇಳ್ಲಿಲ್ಲ ಅದು?" ಎಂದ. ನಾನು ಸಾಹೇಬರ ಮುಖ ನೋಡಿದೆ. ಸಾಹೇಬರು ಬಹಳ ನೋವಿನಿಂದ, "ಕೇಳಬೇಕಿತ್ತು ಮೇಡಂ," ಎಂದರು.

ಈಗ ಹೊಸ ನಿಯಮ ಬಂದಿದೆ. ಹೆಜ್ಜೆ ಹೆಜ್ಜೆಗೂ ಕೇಳಬೇಕು. ಮೊದಲಿದ್ದ ಪ್ರಶ್ನೆಗಳೆಲ್ಲ ಮರಳಿ ಬಂದವು. ಜೊತೆಗೆ ಅಭಿಷೇಕ ತಾನೇ ಕೂತು ಬರೆದ ಹೊಸ ಪ್ರಶ್ನೆಗಳೂ ಬಂದವು. ವೈ ಒತ್ತಿದರೆ ಸಾಲದು, ಹೆಸರು ಬರೆಯಬೇಕು, ಹುದ್ದೆ ಬರೆಯಬೇಕು, ಮೊಬೈಲಿಗೆ ಬಂದ ಸಂಖ್ಯೆಯನ್ನು ಹಾಕಬೇಕು. ಆ ಸಂಖ್ಯೆ ಬರುವುದು ಅಭಿಷೇಕನ ಮೊಬೈಲಿಗೆ, ಅವನು ಎತ್ತುವುದಿಲ್ಲ. ಇದಕ್ಕೆಲ್ಲ 'ಸುರಕ್ಷತಾ ಅಭಿಯಾನ' ಎಂದು ಹೆಸರಿಟ್ಟು, ಅದರ ಮುಖ್ಯಸ್ಥನಾಗಿ ಅವನನ್ನೇ ನೇಮಿಸಿದ್ದಾರೆ. ಬಳ್ಳಾರಿಯಲ್ಲೊಂದು ಸಮಾರಂಭದಲ್ಲಿ ಅವನು ಈ ಬಗ್ಗೆ ಭಾಷಣವನ್ನೂ ಮಾಡಿ ಬಂದ. ನಿಮಗೇನಾದರೂ ಹೇಳುವುದಿದೆಯೇ ಎಂದು ಸಾಹೇಬರು ಮೀಟಿಂಗಿನ ಕೊನೆಯಲ್ಲಿ ನನ್ನನ್ನು ಕೇಳಿದ್ದರು. ಹೇಳುವುದು ಬಹಳ ಇತ್ತು. 'ಇಲ್ರಿ ಸರ್' ಎಂದೆ.

ಆ ಹೊಸ ಪ್ರೋಗ್ರಾಮನ್ನು ಯಲಬುರ್ಗಾದಲ್ಲಿ ಹಾಕಲು ಹೋದ ದಿನವೇ ಹನುಮವ್ವ ರಕ್ತ ಕೊಡಲು ಬಂದಿದ್ದಳು. ಮೈ ತುಸು ತುಂಬಿಕೊಂಡಿತ್ತು. ರಿಪೋರ್ಟು ಬರುವವರೆಗೆ ಬೆಂಚಿನ ಮೇಲೆ ಕೂತಿದ್ದಳು. ಬಂತು. ಎಲ್ಲ ಗೆರೆಯೊಳಗೇ ಇತ್ತು.

"ಪೂರ್ತಿ ಛಲೋ ಐತೇನ್ರಿ?" ಎಂದಳು.

"ಪೂರ್ತಿ."

"ಎಲ್ಲೂ ಒಂಚೂರೂ ಇಲ್ಲಾ?"

"ಇಲ್ಲಮ್ಮ."

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು ಎದ್ದಳು. "ಇರ್ಲಿ ಬಿಡ್ರಿ. ಒಂದು ವಾರ ಆತಲ್ಲ," ಎಂದಳು. ಬಾಗಿಲ ಹತ್ತಿರ ಹೋದವಳು ತಿರುಗಿ, ನನ್ನ ಮುಖ ನೋಡಿ, "ನೀವು ತೋರಿಸ್ಕೊಂಡೀರೇನ್ರಿ ಅಕ್ಕಾರ? ಭಾಳ ಸೊರಗೀರಿ," ಎಂದು ಹೇಳಿ ಹೋದಳು.

ಹೊಸದನ್ನು ಶುರುಮಾಡಲು ಅಭಿಷೇಕನ ಮೊಬೈಲಿನ ಸಂಖ್ಯೆಗಾಗಿ ಕಾಯುತ್ತಿದ್ದೆವು, ಅಲ್ಲಿಯವರೆಗೆ ಹಳೆಯದೇ ನಡೆಯುತ್ತಿತ್ತು, ಬೇರೆ ಕೆಲಸವಿರಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಶರಣಮ್ಮನ ಮುಂದೆ ತೋಳು ಚಾಚಿದೆ. "ಎಲ್ಲಾ ನೋಡು. ಏನೇನು ನೋಡಾಕ ಬರತೈತೋ ಅಷ್ಟೂ ನೋಡು," ಎಂದೆ. ಆಕೆ ನೋಡಿದಳು. ರಿಪೋರ್ಟು ಬಂದಾಗ ನಾನು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದೆ, ತಿರುಗಿಸಿ ಹಿಂದೆಯೂ ನೋಡಿದೆ. ಒಂದು ಚುಕ್ಕಿಯೂ ಇರಲಿಲ್ಲ. ಅಳತೆಗಳು ಸರಿಯಿವೆಯೇ ಎಂದು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಪರೀಕ್ಷಿಸಿದೆ. ಸರಿಯಿದ್ದವು, ಸರಿಪಡಿಸಿದವಳು ನಾನೇ.

ಮನೆಗೆ ಬಂದಾಗ ಇವರು ಅಂಗಡಿ ಮುಚ್ಚಿ ಬಂದು ಕೂತಿದ್ದರು. ನನ್ನ ತೋಳಿನ ಮೇಲಿನ ಹತ್ತಿ, ಪಟ್ಟಿ ನೋಡಿ ಗಾಬರಿಯಿಂದ ಎದ್ದುನಿಂತರು. "ಏನಾತು?"

"ರಕ್ತ ತೋರಿಸ್ಕೊಂಡೆ. ಏನೂ ಇಲ್ಲಂತ," ಎಂದೆ.

"ಹಂಗಾದ್ರ ಲಗೂನ ರೊಟ್ಟಿ ಮಾಡು," ಎಂದು ಕೂತರು. "ಹಸಿವಾಗೈತಿ."